ಬ್ಯಾಂಡ್‌ಕ್ಯಾಂಪ್: ಅಂಗಡಿಗೆ ಪೂರ್ತಿ ಅಂಕ, ಹುಡುಕಾಟಕ್ಕೆ ಅರ್ಧ

ನಲವತ್ತು ನಿಮಿಷದ ಒಂದೇ ಟ್ರ್ಯಾಕ್ ಇರುವ ಡ್ರೋನ್ (ಸ್ವರವನ್ನು ಉದ್ದಕ್ಕೆ ಎಳೆದು ನಿಲ್ಲಿಸುವ ಸಂಗೀತ) ಆಲ್ಬಮ್ಮನ್ನು ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೊನೆತನಕ ಕೇಳಿದರೂ ಅದು ಲೆಕ್ಕಕ್ಕೆ ಒಂದೇ ಪ್ಲೇ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದೇ ಪ್ಲೇ. ಸಾಲದ್ದಕ್ಕೆ ಹನ್ನೆರಡು ತಿಂಗಳಲ್ಲಿ 1,000 ಪ್ಲೇ ಮುಟ್ಟದ ಟ್ರ್ಯಾಕ್‌ಗಳಿಗೆ ಸ್ಪಾಟಿಫೈ 2024ರಿಂದ ರಾಯಲ್ಟಿ ಕೊಡುವುದನ್ನೇ ನಿಲ್ಲಿಸಿದೆ. ಐವತ್ತು ಕ್ಯಾಸೆಟ್ ಮಾಡಿ ಮಾರುವವರ ಸಂಗೀತಕ್ಕೆ ಅಲ್ಲಿ ಜಾಗವೂ ಇಲ್ಲ, ಕಾಸೂ ಇಲ್ಲ. ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್, ಡ್ರೋನ್, ಹೊರಗಿನ ಸದ್ದುಗಳನ್ನು ಸೆರೆಹಿಡಿಯುವ ಫೀಲ್ಡ್ ರೆಕಾರ್ಡಿಂಗ್, ಮೊದಲೇ ಬರೆದಿಡದೆ ಆ ಕ್ಷಣಕ್ಕೆ ನುಡಿಸುವ ಫ್ರೀ ಇಂಪ್ರೊವೈಸೇಶನ್, ಮನೆಯಲ್ಲೇ ಮಾಡಿದ ಟೇಪ್ ಸಂಗೀತ ಇವೆಲ್ಲ ಕಳೆದ ಹದಿನೈದು ವರ್ಷಗಳಲ್ಲಿ ಸಂಗೀತ ಮಾರುವ ಆನ್‌ಲೈನ್ ಅಂಗಡಿ ಬ್ಯಾಂಡ್‌ಕ್ಯಾಂಪ್‌ಗೆ ಬಂದು ಸೇರಿಕೊಂಡಿರುವುದಕ್ಕೆ ಮುಖ್ಯ ಕಾರಣ ಈ ಲೆಕ್ಕಾಚಾರವೇ. ರುಚಿಯ ಮಾತು ಆಮೇಲೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಅಂಗಡಿ ಇಲ್ಲ. ಹೊಸದನ್ನು ಹುಡುಕುವುದಕ್ಕೆ ಅಂಗಡಿಯವರೇ ಕೊಟ್ಟಿರುವ ದಾರಿ ಮಾತ್ರ ಅರ್ಧಂಬರ್ಧ. ಮುಖಪುಟದ 'ಡಿಸ್ಕವರ್' ಒತ್ತಿ ಕೂತವರು ಎರಡು ವಾರದಲ್ಲಿ ಬೇಸತ್ತು ಎದ್ದುಹೋಗುತ್ತಾರೆ. ಆಲ್ಬಮ್ ಪುಟಗಳ ಮೂಲೆಯಲ್ಲಿರುವ ಸಣ್ಣಪುಟ್ಟ ಚಿತ್ರಗಳನ್ನು, ಕೆಳಗಿನ ಸಣ್ಣಕ್ಷರವನ್ನು ಓದಲು ಕಲಿತವರಿಗೆ ಕೇಳಲು ಹೊತ್ತು ಸಾಲುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಈಥನ್ ಡೈಮಂಡ್ ಮತ್ತು ಸಂಗಡಿಗರು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ್ದು. ಕಲಾವಿದರು ಅಥವಾ ಲೇಬಲ್‌ನವರು (ಸಂಗೀತ ಹೊರತರುವ ಸಂಸ್ಥೆಯವರು) ತಮ್ಮದೇ ಪುಟ ತೆರೆದು, ಬೆಲೆ ತಾವೇ ಇಟ್ಟು, ಡಿಜಿಟಲ್ ಫೈಲ್, ಕ್ಯಾಸೆಟ್, ಸಿಡಿ, ಎಲ್‌ಪಿ (ವಿನೈಲ್ ತಟ್ಟೆ) ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್‌ನ ಪಾಲು ನೂರಕ್ಕೆ 15. ಒಂದು ವರ್ಷದೊಳಗೆ 5,000 ಡಾಲರ್ ವಹಿವಾಟು ದಾಟಿದವರಿಗೆ 10. ಕೈಗೆ ಸಿಗುವ ವಸ್ತುಗಳಿಗೆ 10. ಇದರ ಮೇಲೆ ಪಾವತಿ ಸಂಸ್ಥೆಯ ಶುಲ್ಕ ಬೇರೆ. ಎಲ್ಲ ಕಳೆದು ಸರಾಸರಿ 82 ಪಾಲು ಮಾರಿದವರಿಗೆ ಹೋಗುತ್ತದೆ ಎಂದು ಅವರೇ ಬರೆದುಕೊಂಡಿದ್ದಾರೆ. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು, ಮರುವರ್ಷವೇ ಸಂಗೀತದ ಪರವಾನಗಿ ಮಾರುವ ಸಾಂಗ್‌ಟ್ರೇಡರ್‌ಗೆ ಮಾರಿತು, ಆ ಕೈಬದಲಿನಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಇನ್ನು ಮುಗಿಯಿತು ಎಂದು ಆಗ ಬಹಳ ಜನ ಬರೆದರು. ಅಂಗಡಿಯಂತೂ ನಡೆಯುತ್ತಿದೆ. 2016ರಲ್ಲಿ ಶುರುವಾದ ಅವರ ಪತ್ರಿಕೆ 'ಬ್ಯಾಂಡ್‌ಕ್ಯಾಂಪ್ ಡೈಲಿ' ಕೂಡ ನಿಂತಿಲ್ಲ. ಪ್ರಯೋಗಶೀಲ ಸಂಗೀತಕ್ಕೆ ಅದರಲ್ಲಿ ಪ್ರತಿ ತಿಂಗಳೂ ಒಂದು ಆಯ್ಕೆಪಟ್ಟಿ ಬರುತ್ತದೆ. ಹೊಸಬರು ಬೇರೇನೂ ಮಾಡದಿದ್ದರೂ ಇದೊಂದನ್ನು ಓದಬೇಕು: ಹತ್ತು ಹನ್ನೆರಡು ಆಲ್ಬಮ್, ಪ್ರತಿಯೊಂದಕ್ಕೂ ಒಂದು ಪ್ಯಾರಾ, ಓದುತ್ತಲೇ ಕೇಳಬಹುದು.

ಈಗ ಡಿಸ್ಕವರ್ ಪುಟ. ಇಲ್ಲಿ ಪ್ರಕಾರ ಆರಿಸಿ, 'ಹೆಚ್ಚು ಮಾರಾಟವಾದದ್ದು' ಅಥವಾ 'ಹೊಸದಾಗಿ ಬಂದದ್ದು' ಎಂದು ಜೋಡಿಸಿ, ಬೇಕಿದ್ದರೆ ಕ್ಯಾಸೆಟ್, ಎಲ್‌ಪಿ ಎಂದು ಸೋಸಬಹುದು. ಮಾರಾಟದ ಕ್ರಮದಲ್ಲಿ ನೋಡಿದರೆ ಮೇಲಿನ ಸಾಲುಗಳಲ್ಲಿ ಕಾಣುವುದು ಈಗಾಗಲೇ ಹೆಸರಾದ ಲೇಬಲ್‌ಗಳ ಮರುಮುದ್ರಣಗಳು. ಭೂಗತವಾದದ್ದು ಮೇಲೆ ಬರುವುದೇ ಇಲ್ಲ. ಹೊಸದರ ಕ್ರಮದಲ್ಲಿ ನೋಡಿದರೆ ಪ್ರವಾಹ. 'ಆಂಬಿಯೆಂಟ್' (ಹಿನ್ನೆಲೆಯಂತೆ ಮೆಲ್ಲಗೆ ಹರಡುವ ಸಂಗೀತ), 'ಎಕ್ಸ್‌ಪರಿಮೆಂಟಲ್' (ಪ್ರಯೋಗಶೀಲ) ಎಂಬ ದೊಡ್ಡ ಟ್ಯಾಗ್‌ಗಳಲ್ಲಿ ಗಂಟೆಗಂಟೆಗೂ ಮಾಲು ಬಂದು ಬೀಳುತ್ತದೆ. ಟ್ಯಾಗ್ ಹಾಕುವವರು ಕಲಾವಿದರೇ, ತಪಾಸಣೆ ಮಾಡುವವರು ಯಾರೂ ಇಲ್ಲ. ನಿದ್ದೆ ಬರಿಸುವ ಮಳೆಸದ್ದೂ ಎಕ್ಸ್‌ಪರಿಮೆಂಟಲ್, ಸೋತ ಪಾಪ್ ಹಾಡೂ ಎಕ್ಸ್‌ಪರಿಮೆಂಟಲ್.

ಇದಕ್ಕೆ ಮದ್ದು ಇದೆ. ಪ್ರಕಾರದ ಹೆಸರಿನ ಟ್ಯಾಗ್ ಬಿಟ್ಟು ಉಪಕರಣದ, ವಿಧಾನದ ಹೆಸರಿನ ಟ್ಯಾಗ್ ಹಾಕಿ ಹುಡುಕಬೇಕು. 'ನೋ ಇನ್‌ಪುಟ್ ಮಿಕ್ಸರ್' ಎಂದು ಹುಡುಕಿ: ಸದ್ದುಗಳನ್ನು ಬೆರೆಸುವ ಮಿಕ್ಸರ್ ಯಂತ್ರದ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಜೋಡಿಸಿ, ಹಾಗೆ ಸುತ್ತಿ ಬರುವ ಸದ್ದನ್ನೇ, ಅಂದರೆ ಫೀಡ್‌ಬ್ಯಾಕನ್ನೇ ವಾದ್ಯವಾಗಿ ನುಡಿಸುವ ವಿಧಾನ, ಜಪಾನಿನ ತೊಶಿಮಾರು ನಕಮುರಾ ಹೆಸರುವಾಸಿಯಾಗಿದ್ದು ಇದರಿಂದ. ಹೀಗೆ ನುಡಿಸದವರು ಆ ಟ್ಯಾಗ್ ಹಾಕಿಕೊಂಡು ಗಳಿಸುವುದೇನೂ ಇಲ್ಲ, ಆದ್ದರಿಂದ ಅದು ನಂಬಿಕಸ್ಥ ಟ್ಯಾಗ್. 'ಪ್ರಿಪೇರ್ಡ್ ಗಿಟಾರ್' (ತಂತಿಗಳಿಗೆ ವಸ್ತು ಸಿಕ್ಕಿಸಿ ನುಡಿಸುವುದು), 'ಟೇಪ್ ಲೂಪ್ಸ್' (ಸುತ್ತಿ ಸುತ್ತಿ ಬರುವ ಟೇಪ್ ತುಂಡು), 'ಜಸ್ಟ್ ಇಂಟೊನೇಶನ್' (ಸರಳ ಅನುಪಾತದ ಶ್ರುತಿ), 'ಕಾಂಟ್ಯಾಕ್ಟ್ ಮೈಕ್' (ವಸ್ತುವಿಗೇ ಅಂಟಿಸುವ ಮೈಕ್), 'ಮ್ಯೂಸೀಕ್ ಕಾಂಕ್ರೇಟ್' (ಮುದ್ರಿಸಿದ ಸದ್ದುಗಳನ್ನು ಕತ್ತರಿಸಿ ಜೋಡಿಸುವ ಫ್ರೆಂಚ್ ವಿಧಾನ), 'ಲೋವರ್‌ಕೇಸ್' (ಅತಿ ಮೆಲ್ಲಗಿನ ಸದ್ದು), 'ಹಾರ್ಶ್ ನಾಯ್ಸ್ ವಾಲ್' (ಬದಲಾಗದ ಗದ್ದಲದ ಗೋಡೆ) ಇವೆಲ್ಲ ಅದೇ ಜಾತಿಯವು. ಫ್ರೆಂಚ್ ಮೂಲದ ಪದಗಳನ್ನು ಅಕ್ಷರದ ಮೇಲಿನ ಗೆರೆ ಸಹಿತ ಒಮ್ಮೆ, ಗೆರೆ ಇಲ್ಲದೆ ಒಮ್ಮೆ ಹಾಕಿ ನೋಡಬೇಕು. ಸ್ಪ್ಯಾನಿಷ್, ಪೋರ್ಚುಗೀಸ್, ಜಪಾನಿ ಲಿಪಿಯ ಟ್ಯಾಗ್‌ಗಳನ್ನು ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಹುಡುಕಾಟಕ್ಕೆ ಸಿಗದ ಇನ್ನೊಂದು ಕೋಣೆಯೇ ತೆರೆಯುತ್ತದೆ.

ಊರಿನ ಹೆಸರೂ ಟ್ಯಾಗೇ. ಬರ್ಲಿನ್, ಲಂಡನ್ ಎಂದು ಹಾಕಿದರೆ ಸಮುದ್ರಕ್ಕೆ ಬಿದ್ದಂತೆ. ಮಧ್ಯಮ ಗಾತ್ರದ, ಆದರೆ ಗುಂಪೊಂದು ಗಟ್ಟಿಯಾಗಿ ಕೆಲಸ ಮಾಡುತ್ತಿರುವ ಊರುಗಳನ್ನು ಆರಿಸಿಕೊಳ್ಳಬೇಕು. ಉಗಾಂಡದ ಕಂಪಾಲ ಹಾಕಿದರೆ ನ್ಯೇಗೆ ನ್ಯೇಗೆ ಟೇಪ್ಸ್ ಲೇಬಲ್ ಮತ್ತು ಅದರ ಸುತ್ತಲಿನವರು ಸಿಗುತ್ತಾರೆ. ಇಂಡೊನೇಷ್ಯಾದ ಯೋಗ್ಯಕರ್ತ ಹಾಕಿದರೆ ಸೆನ್ಯಾವ ಜೋಡಿಯಿಂದ ಶುರುಮಾಡಿ ಮುಂದೆ ಹೋಗಬಹುದು. ಸೆನ್ಯಾವ 2021ರಲ್ಲಿ ತಂದ 'ಅಲ್ಕಿಸಾ' ಆಲ್ಬಮ್ಮನ್ನು ಒಂದು ಕಂಪನಿಗೆ ಕೊಡದೆ ಬೇರೆಬೇರೆ ದೇಶಗಳ 44 ಸಣ್ಣ ಲೇಬಲ್‌ಗಳಿಗೆ ಹಂಚಿದರು. ಆ ಲೇಬಲ್‌ಗಳ ಪಟ್ಟಿ ಹಿಡಿದು ಒಂದೊಂದರ ಪುಟಕ್ಕೂ ಹೋಗಿಬಂದರೆ ತಿಂಗಳುಗಟ್ಟಲೆ ಕೇಳುವಷ್ಟು ಸರಕು ಸಿಗುತ್ತದೆ.

ನಮ್ಮೂರಿನ ವಿಷಯಕ್ಕೆ ಒಂದು ಎಚ್ಚರಿಕೆ. ಬೆಂಗಳೂರನ್ನು ಇಂಗ್ಲಿಷಿನ ಹಳೇ ಕಾಗುಣಿತದಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಹುಡುಕಬೇಕು. ಹತ್ತು ವರ್ಷದ ಹಿಂದೆ ಪುಟ ತೆರೆದವರು ಬಹುಪಾಲು ಹಳೆಯದರಲ್ಲೇ ಉಳಿದಿರುತ್ತಾರೆ, ಎರಡು ಪಟ್ಟಿಗಳೂ ಬೇರೆಬೇರೆ. ಮೈಸೂರಿಗೂ ಇದೇ ಪಾಡು. ಬೆಂಗಳೂರಿನ ಡೂಮ್ ಮೆಟಲ್ ತಂಡ 'ಬೇವರ್ ಸೀ' ಹೆಸರನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಅದೊಂದು ಕಡಲು. ಕನ್ನಡದವರಿಗೆ ಬೈಗುಳ, ತಕ್ಷಣ ನಗು.

ಇನ್ನು ನಿಜವಾದ ದಾರಿಗೆ ಬರೋಣ. ಯಾವುದೇ ಆಲ್ಬಮ್ ಪುಟದಲ್ಲಿ ಮುಖಚಿತ್ರದ ಹತ್ತಿರ ಕೊಂಡವರ ಪುಟ್ಟ ಪುಟ್ಟ ಚಿತ್ರಗಳ ಸಾಲು ಇರುತ್ತದೆ. ಒಂದನ್ನು ಒತ್ತಿದರೆ ಅವರು ಕೊಂಡ ಎಲ್ಲ ಆಲ್ಬಮ್‌ಗಳು ಕಾಣುತ್ತವೆ. ಅಲ್ಗಾರಿದಮ್ಮಿಗಿಂತ ಇದು ಮೇಲು, ಏಕೆಂದರೆ ಸಂಗ್ರಹದಲ್ಲಿರುವ ಬಹುತೇಕ ವಸ್ತುವಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ. 'ನಿಮ್ಮಿಷ್ಟದ ಬೆಲೆ' ಎಂದಿರುವ ಕಡೆ ಸೊನ್ನೆ ಹಾಕಿ ಇಳಿಸಿಕೊಂಡದ್ದು ಸಂಗ್ರಹಕ್ಕೆ ಸೇರುವುದಿಲ್ಲ. ಬಾಯಿಮಾತಿನ ಮೆಚ್ಚುಗೆಗೂ ಜೇಬಿನಿಂದ ಬಂದ ಮೆಚ್ಚುಗೆಗೂ ವ್ಯತ್ಯಾಸ ಇದ್ದೇ ಇದೆಯಲ್ಲ.

ಆದರೆ ಯಾರನ್ನೋ ಒತ್ತಿ ನೋಡಿದರೆ ಆಗದು. ನಿಮಗೆ ಬಹಳ ಹಿಡಿಸಿದ, ಕೊಂಡವರ ಸಂಖ್ಯೆ ಕಡಿಮೆ ಇರುವ ಆಲ್ಬಮ್‌ನಿಂದ ಶುರುಮಾಡಿ. ಮೂವತ್ತು ನಲವತ್ತು ಜನ ಕೊಂಡಿರುವ ಕ್ಯಾಸೆಟ್ ಸರಿಯಾದ ಅಳತೆ. ಸಾವಿರಾರು ಜನ ಕೊಂಡದ್ದರಲ್ಲಿ ಯಾರ ರುಚಿಯೂ ಎದ್ದು ಕಾಣುವುದಿಲ್ಲ. ಸಂಗ್ರಹದ ಗಾತ್ರ ನೋಡಿ: ಇನ್ನೂರರಿಂದ ಆರುನೂರು ಇದ್ದವರು ಆರಿಸಿ ಕೊಳ್ಳುವವರು, ಎಂಟು ಹತ್ತು ಸಾವಿರ ಇದ್ದವರು ಗೋದಾಮು ತುಂಬುವವರು. ಆಮೇಲೆ ಅವರ ಪಟ್ಟಿಯಲ್ಲಿ ನಿಮಗೆ ಗೊತ್ತಿರುವ, ಅಪರೂಪದ ಇನ್ನೂ ಎರಡು ಮೂರು ಆಲ್ಬಮ್ ಇವೆಯೇ ನೋಡಿ. ಒಂದು ಹೊಂದಿದರೆ ಅದೃಷ್ಟ, ಮೂರು ಹೊಂದಿದರೆ ಅಭಿರುಚಿ. ಅಂಥವರನ್ನು 'ಫಾಲೋ' ಮಾಡಿದರೆ ಮುಂದೆ ಅವರು ಕೊಂಡದ್ದೆಲ್ಲ ನಿಮ್ಮ ಫೀಡ್‌ಗೆ ಬರುತ್ತದೆ. ಹದಿನೈದು ಇಪ್ಪತ್ತು ಜನ ಸಾಕು. ನೂರು ಜನರನ್ನು ಹಿಂಬಾಲಿಸಿದರೆ ಫೀಡ್ ಮತ್ತೆ ಡಿಸ್ಕವರ್ ಪುಟವೇ ಆಗಿಬಿಡುತ್ತದೆ.

ಇಲ್ಲಿ ಎಡವುವ ಜಾಗಗಳೂ ಇವೆ. ಕೆಲವು ಲೇಬಲ್‌ಗಳು ತಮ್ಮ ಇಡೀ ಪಟ್ಟಿಯನ್ನು ರಿಯಾಯಿತಿಯಲ್ಲಿ ಒಟ್ಟಿಗೆ ಮಾರುತ್ತವೆ. ಒಮ್ಮೆ ಕೊಂಡರೆ ಎಂಬತ್ತು ಆಲ್ಬಮ್ ಸಂಗ್ರಹಕ್ಕೆ ಬಂದು ಕೂರುತ್ತವೆ. ಅಂಥ ಸಂಗ್ರಹದಲ್ಲಿ ನಾಲ್ಕು ಹೊಂದಿಕೆಯಾದರೂ ನಾಲ್ಕೂ ಒಂದೇ ಲೇಬಲ್‌ನವಾಗಿದ್ದರೆ ಅದನ್ನು ಒಂದೆಂದೇ ಎಣಿಸಬೇಕು. ಡೌನ್‌ಲೋಡ್ ಕೋಡ್‌ಗಳದ್ದು ಇನ್ನೊಂದು ಕತೆ: ಕಲಾವಿದರು ಪ್ರಚಾರಕ್ಕೆ ಹಂಚುವ ಕೋಡನ್ನು ಬ್ಯಾಂಡ್‌ಕ್ಯಾಂಪ್‌ನ 'ಯಮ್' ಎಂಬ ಪುಟದಲ್ಲಿ ಹಾಕಿದರೆ ಆಲ್ಬಮ್ ಪುಕ್ಕಟೆಯಾಗಿ ಸಂಗ್ರಹಕ್ಕೆ ಸೇರುತ್ತದೆ. ಕೋಡ್ ಬೇಟೆಯನ್ನೇ ಹವ್ಯಾಸ ಮಾಡಿಕೊಂಡವರ ಸಂಗ್ರಹದಿಂದ ಏನೂ ತಿಳಿಯದು. ಗುರುತಿಸುವುದು ಸುಲಭ, ಅವರ ಪಟ್ಟಿಗೆ ತಲೆಬುಡ ಇರುವುದಿಲ್ಲ.

ಎರಡನೆಯ ದಾರಿ ಪುಟದ ಕೆಳಗಿನ ಸಣ್ಣಕ್ಷರ. ಹೆಚ್ಚಿನವರು ಹಾಡಿನ ಪಟ್ಟಿ ಮುಗಿದ ಕೂಡಲೇ ನಿಂತುಬಿಡುತ್ತಾರೆ. ಅದರ ಕೆಳಗೆ ಧ್ವನಿಮುದ್ರಣ ಎಲ್ಲಿ, ಮಿಕ್ಸ್ ಯಾರದು, ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದಿಗೆ ಕೊಡುವ ಕೊನೆಯ ಹದ) ಯಾರದು ಎಂದು ಇರುತ್ತದೆ. ಪ್ರಯೋಗಶೀಲ ಸಂಗೀತದಲ್ಲಿ ಮಾಸ್ಟರಿಂಗ್ ಮಾಡುವವರು ಬೆರಳೆಣಿಕೆಯ ಜನ, ಅವರಲ್ಲಿ ಹಲವರು ಸ್ವತಃ ಸಂಗೀತಗಾರರು, ಗೆಳೆಯರ ಬಳಗದಿಂದಲೇ ಕೆಲಸ ಬರುವುದು. ರಾಶದ್ ಬೆಕರ್, ಜುಸೆಪ್ಪೆ ಇಯೆಲಾಸಿ, ಸ್ಟೆಫಾನ್ ಮ್ಯಾಥ್ಯೂ, ಜೇಮ್ಸ್ ಪ್ಲಾಟ್‌ಕಿನ್ ಈ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಬ್ಬ ಎಂಜಿನಿಯರ್‌ನ ಹೆಸರು ಹಿಡಿದು ಹೋದರೆ ಲೇಬಲ್, ದೇಶ, ಪ್ರಕಾರಗಳ ಗೋಡೆ ದಾಟಿ ಒಂದೇ ಬಗೆಯ ಕಿವಿಗೆ ಒಪ್ಪಿಗೆಯಾದ ಆಲ್ಬಮ್‌ಗಳು ಸಾಲಾಗಿ ಸಿಗುತ್ತವೆ.

ತೊಂದರೆ ಏನೆಂದರೆ ಬ್ಯಾಂಡ್‌ಕ್ಯಾಂಪ್‌ನ ಹುಡುಕುಪೆಟ್ಟಿಗೆ ಈ ಸಣ್ಣಕ್ಷರದೊಳಗೆ ಹುಡುಕುವುದೇ ಇಲ್ಲ. ಕಲಾವಿದ, ಆಲ್ಬಮ್, ಟ್ರ್ಯಾಕ್, ಲೇಬಲ್, ಕೇಳುಗ ಇಷ್ಟಕ್ಕೇ ಅದರ ಜ್ಞಾನ ಮುಗಿಯಿತು. ಈ ಸೇವೆಯ ಅತಿ ದೊಡ್ಡ ಕೊರತೆ ಇದೇ ಎನ್ನಬೇಕು. ಹೊರಗಿನ ಸರ್ಚ್ ಎಂಜಿನ್‌ನಲ್ಲಿ ಹುಡುಕಾಟವನ್ನು ಬ್ಯಾಂಡ್‌ಕ್ಯಾಂಪ್ ತಾಣಕ್ಕೆ ಮಾತ್ರ ಸೀಮಿತಗೊಳಿಸಿ, 'ಮಾಸ್ಟರ್ಡ್ ಬೈ' ಎಂಬುದರ ಜೊತೆಗೆ ಹೆಸರನ್ನೂ ಸೇರಿಸಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಕೆಲಸ ಆಗುತ್ತದೆ. ಇನ್ನೂ ಚೊಕ್ಕವಾಗಿ ಬೇಕೆಂದರೆ ಬಿಡುಗಡೆಯಾದ ಆಲ್ಬಮ್‌ಗಳ ವಿವರ ದಾಖಲಿಸುವ ಡಿಸ್ಕಾಗ್ಸ್ ತಾಣಕ್ಕೆ ಹೋಗಿ. ಅಲ್ಲಿ ಪ್ರತಿ ಹೆಸರೂ ಕೊಂಡಿ, ಒತ್ತಿದರೆ ಆ ವ್ಯಕ್ತಿ ಕೈ ಹಾಕಿದ ದಾಖಲೆಗಳೆಲ್ಲ ವರ್ಷವಾರು ಬರುತ್ತವೆ. ಅಲ್ಲಿ ಹೆಸರು ಹಿಡಿದು, ಇಲ್ಲಿ ಬಂದು ಕೇಳಿ ಕೊಳ್ಳುವುದು ರೂಢಿಯಾದರೆ ಬೇರೆ ಯಾವ ಶಿಫಾರಸೂ ಬೇಡ.

ಲೇಬಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಒಳ್ಳೆಯದು ಸಿಕ್ಕರೆ ಅದೇ ನಡೆಸಿಕೊಂಡು ಹೋಗುತ್ತದೆ. ಬ್ರಿಸ್ಬೇನ್‌ನ ರೂಮ್40, ಇಂಗ್ಲೆಂಡಿನ ಅನದರ್ ಟಿಂಬರ್ ಮತ್ತು ಟಚ್, ಅಮೆರಿಕದ ಅರ್ಸ್ಟ್‌ವೈಲ್ ಇವು ನಾಲ್ಕು ದಿಕ್ಕಿನ ನಾಲ್ಕು ಬಾಗಿಲು. ಶಾಂತವಾದ, ಸ್ವರಗಳ ನಡುವೆ ಬಹಳ ಜಾಗ ಬಿಟ್ಟ ಸಂಗೀತ ಬೇಕಿದ್ದರೆ ಅನದರ್ ಟಿಂಬರ್‌ನಿಂದ ಶುರುಮಾಡಿ. ಸದ್ದಿನ ಒರಟುತನ ತಡೆದುಕೊಳ್ಳುವ ಕಿವಿಯಿದ್ದರೆ ಅರ್ಸ್ಟ್‌ವೈಲ್. ಭಾರತದ ಕೊಂಡಿ ಬೇಕೆನ್ನುವವರು 2023ರಲ್ಲಿ ಲಂಡನ್ನಿನ ಸ್ಟೇಟ್51 ಲೇಬಲ್ ತಂದ 'ದ ಎನ್‌ಐಡಿ ಟೇಪ್ಸ್' ಕೇಳಲೇಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ ಇಟ್ಟ ಸ್ಟುಡಿಯೋ ಒಂದು ಶುರುವಾಯಿತು. ಅಲ್ಲಿ 1972ರವರೆಗೆ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ಜಿನರಾಜ ಜೋಶಿಪುರ ಮಾಡಿದ ಎಲೆಕ್ಟ್ರಾನಿಕ್ ಸಂಗೀತ ಟೇಪುಗಳಲ್ಲೇ ಉಳಿದಿತ್ತು. ಸಂಗೀತಗಾರ ಪಾಲ್ ಪರ್ಗಸ್ ಅದನ್ನು ಹುಡುಕಿ ಜೋಡಿಸಿದರು. ಪ್ರಯೋಗಶೀಲ ಸಂಗೀತ ನಮಗೆ ಹೊರಗಿನಿಂದ ನಿನ್ನೆ ಮೊನ್ನೆ ಬಂದದ್ದು ಎನ್ನುವವರಿಗೆ ಈ ಆಲ್ಬಮ್ ತೋರಿಸಬೇಕು.

ಲೇಬಲ್‌ಗಳ ವಾರ್ಷಿಕ ಚಂದಾ ಆಸೆ ಹುಟ್ಟಿಸುತ್ತದೆ: ವರ್ಷದಲ್ಲಿ ಬಂದದ್ದೆಲ್ಲ, ಜೊತೆಗೆ ಹಿಂದಿನ ಹಲವು ಆಲ್ಬಮ್. ಎರಡು ಮೂರು ಆಲ್ಬಮ್ ಬಿಡಿಯಾಗಿ ಕೊಂಡು ನೋಡಿದ ಮೇಲಷ್ಟೇ ಚಂದಾದಾರರಾಗಿ. ಒಮ್ಮೆಗೇ ಮೂವತ್ತು ಆಲ್ಬಮ್ ಬಂದು ಬಿದ್ದರೆ ಒಂದನ್ನೂ ಸರಿಯಾಗಿ ಕೇಳುವುದಾಗುವುದಿಲ್ಲ.

ಕೇಳಿ ನೋಡುವ ಕ್ರಮವೂ ಇಲ್ಲಿ ಬೇರೆ. ವೆಬ್ ಪುಟದಲ್ಲಿ ಬರುವುದು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3. ಗಿಟಾರ್, ಹಾಡು ಇದ್ದರೆ ಅದು ಸಾಕು. ಮಳೆ, ಜೀರುಂಡೆ, ಟೇಪಿನ ಹಿಸ್ಸು, ಸಿಂಬಲ್ ಉಜ್ಜಿದ ಸದ್ದು ಇಂಥವುಗಳಲ್ಲಿ ಅದು ಸೋಲುತ್ತದೆ: ಮೇಲಿನ ಆವರ್ತನಗಳು ಕತ್ತರಿಸಿಹೋಗಿ, ಉಳಿದದ್ದು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಫೀಲ್ಡ್ ರೆಕಾರ್ಡಿಂಗ್ ಆಲ್ಬಮ್ಮನ್ನು ಈ ಸ್ಟ್ರೀಮ್ ಕೇಳಿ ತಳ್ಳಿಹಾಕಬಾರದು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಂತೂ ಡ್ರೋನ್ ಕೇಳಲೇಬೇಡಿ, ತಳದ ಸ್ವರಗಳೇ ಅದರಲ್ಲಿ ಬರುವುದಿಲ್ಲ. ಆಲ್ಬಮ್ ಇರುವುದೇ ಅಲ್ಲಿ. ಮೊದಲ ಮೂವತ್ತು ಸೆಕೆಂಡ್ ಕೇಳಿ ತೀರ್ಮಾನಿಸುವ ಅಭ್ಯಾಸ ಬಿಟ್ಟು, ಅತಿ ಉದ್ದದ ಟ್ರ್ಯಾಕ್‌ನ ನಡುವಿಗೆ ಹೋಗಿ ಐದು ನಿಮಿಷ ಕೂರಿ, ಆಮೇಲೆ ಕೊನೆಯ ಎರಡು ನಿಮಿಷ. ಇಷ್ಟರಲ್ಲಿ ಸಂಗೀತ ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ತಿಳಿಯುತ್ತದೆ. ಹೆಡ್‌ಫೋನ್ ಹಾಕಿದ್ದರೆ ಒಂದು ಜಾಗ್ರತೆ: ಏನೂ ಕೇಳುತ್ತಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ಲೋವರ್‌ಕೇಸ್ ಬಗೆಯ ಆಲ್ಬಮ್‌ಗಳು ಬೇಕೆಂದೇ ಕೇಳೀ ಕೇಳದಷ್ಟು ಮೆಲ್ಲಗೆ ಇರುತ್ತವೆ, ಕೆಲವರು ಹತ್ತು ನಿಮಿಷದ ಮೌನದ ನಂತರ ಒಮ್ಮೆಲೇ ಸಿಡಿಸುತ್ತಾರೆ. ಆ ಆಲ್ಬಮ್‌ನ ಅತಿ ಜೋರಾದ ಭಾಗಕ್ಕೆ ವಾಲ್ಯೂಮ್ ಹೊಂದಿಸಿ ಆಮೇಲೆ ಮೊದಲಿನಿಂದ ಕೇಳಬೇಕು.

ಪುಕ್ಕಟೆ ಕೇಳುವುದಕ್ಕೆ ಕಲಾವಿದರು ಮಿತಿ ಇಟ್ಟಿರಬಹುದು. ಕೆಲವು ಸಲ ಕೇಳಿದ ಮೇಲೆ ಇನ್ನು ಕೊಂಡುಕೊಳ್ಳಿ ಎಂಬ ಸೂಚನೆ ಬರುತ್ತದೆ. ಅಂಗಡಿ ಕೆಟ್ಟಿದೆ ಎಂದುಕೊಳ್ಳಬೇಡಿ.

ಕೊಳ್ಳುವ ಹೊತ್ತಿಗೆ ಭಾರತದವರಿಗೆ ಕೆಲವು ಮುಳ್ಳುಗಳಿವೆ. ಯುಪಿಐ ಇಲ್ಲ. ಕಾರ್ಡ್ ಅಥವಾ ಪೇಪಾಲ್. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ 'ಇಂಟರ್‌ನ್ಯಾಷನಲ್ ಆನ್‌ಲೈನ್' ತೆರೆದು, ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿ ಮಿತಿ ಇಟ್ಟುಕೊಳ್ಳಿ. ಪಾವತಿ ಕಾರಣ ಹೇಳದೆ ತಿರಸ್ಕೃತವಾದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಬ್ಯಾಂಕುಗಳು ವಿದೇಶಿ ವಿನಿಮಯಕ್ಕೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 3.5 ಹೆಚ್ಚುವರಿ ಹಾಕಿ, ಆ ಹೆಚ್ಚುವರಿಯ ಮೇಲೆ 18ರ ಜಿಎಸ್‌ಟಿ ಸೇರಿಸುತ್ತವೆ. ಹತ್ತು ಡಾಲರ್ ಆಲ್ಬಮ್‌ಗೆ ಇದು ದೊಡ್ಡ ಮೊತ್ತವಲ್ಲ, ಎಲ್‌ಪಿ ಕೊಳ್ಳುವಾಗ ಲೆಕ್ಕಕ್ಕೆ ಬರುತ್ತದೆ. ಚಂದಾಗಳ ತಾನೇ ನವೀಕರಣವಾಗುವ ಪಾವತಿ ನಮ್ಮ ಕಾರ್ಡುಗಳಲ್ಲಿ ಆಗಾಗ ಬೀಳುತ್ತದೆ. 2021ರ ಅಕ್ಟೋಬರ್‌ನಿಂದ ಪುನರಾವರ್ತಿತ ಪಾವತಿಗೆ ಮುಂಚಿತ ಒಪ್ಪಿಗೆ ನೋಂದಾಯಿಸಬೇಕೆಂಬ ನಿಯಮ ಬಂದದ್ದು ಇದಕ್ಕೆ ಕಾರಣ. ನವೀಕರಣದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಬೆಲೆಯ ಜೊತೆಗಿರುವ ಕರೆನ್ಸಿ ಚಿಹ್ನೆ ನೋಡದೆ ಒತ್ತಬೇಡಿ. ಮಾರುವವರು ಎಲ್ಲಿಯವರೋ ಅಲ್ಲಿಯ ನಾಣ್ಯ: 7 ಪೌಂಡ್‌ಗೂ 7 ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚುಕಡಿಮೆ ದುಪ್ಪಟ್ಟು ಅಂತರ. ಒಂದು ಡಾಲರ್‌ಗೆ ಬಿಡಿ ಟ್ರ್ಯಾಕ್ ಕೊಳ್ಳುವುದು ಕಲಾವಿದರಿಗೆ ಹೆಚ್ಚು ಉಪಕಾರವಲ್ಲ, ಪಾವತಿ ಶುಲ್ಕದಲ್ಲಿ ಪ್ರತಿ ವಹಿವಾಟಿಗೂ ಕಡ್ಡಾಯವಾದ ಒಂದು ಭಾಗ ಇರುವುದರಿಂದ ಅದರಲ್ಲೇ ದೊಡ್ಡ ಚೂರು ಹೋಗುತ್ತದೆ. ಒಂದೇ ಆಲ್ಬಮ್ ಕಲಾವಿದರ ಸ್ವಂತ ಪುಟದಲ್ಲೂ ಲೇಬಲ್ ಪುಟದಲ್ಲೂ ಇದ್ದರೆ ಸ್ವಂತ ಪುಟದಿಂದ ಕೊಂಡರೆ ಹಣ ನೇರ ಅವರಿಗೇ ಹೋಗುತ್ತದೆ. ಲೇಬಲ್‌ಗೆ ಹೋದದ್ದು ಅವರವರ ಒಪ್ಪಂದದ ಪ್ರಕಾರ.

2020ರ ಮಾರ್ಚ್ 20ರಂದು, ಕೋವಿಡ್‌ನಿಂದ ಸಂಗೀತ ಕಛೇರಿಗಳು ನಿಂತಾಗ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ. ಆಗ ಸರಾಸರಿ 93 ಪಾಲು ಮಾರಿದವರಿಗೆ. ಎಲ್ಲ ತಿಂಗಳೂ ಇರುವುದಿಲ್ಲ, ಮೊದಲೇ ದಿನಾಂಕ ಹೇಳಿರುತ್ತಾರೆ. ಇದು ಅಮೆರಿಕದ ಪಶ್ಚಿಮ ಕರಾವಳಿಯ ಹೊತ್ತಿನ ಪ್ರಕಾರ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ. ನಮಗೆ ಮಾರ್ಚ್ ಮಧ್ಯದಿಂದ ನವೆಂಬರ್ ಆರಂಭದವರೆಗೆ ಶುಕ್ರವಾರ ಮಧ್ಯಾಹ್ನ 12:30ರಿಂದ ಶನಿವಾರ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30ರಿಂದ 1:30. ಶುಕ್ರವಾರ ಬೆಳಿಗ್ಗೆ ಎದ್ದು ಕೊಂಡವರು ಒಳ್ಳೆಯ ಉದ್ದೇಶವಿದ್ದೂ ಕಂಪನಿಗೆ ಪಾಲು ಕೊಟ್ಟಿರುತ್ತಾರೆ. ತಿಂಗಳುದ್ದಕ್ಕೂ ಸಿಕ್ಕಿದ್ದನ್ನು ಹೃದಯದ ಗುರುತು ಒತ್ತಿ ವಿಶ್‌ಲಿಸ್ಟಿಗೆ ಸೇರಿಸುತ್ತಾ ಹೋಗಿ, ಆ ದಿನ ಇನ್ನೊಮ್ಮೆ ಕೇಳಿ ಕೊಳ್ಳುವುದು ಜಾಣತನ. ಎರಡನೇ ಸಲ ಕೇಳುವಾಗ ಪಟ್ಟಿಯ ಅರ್ಧ ತಾನಾಗಿ ಉದುರುತ್ತದೆ.

ಕ್ಯಾಸೆಟ್, ಎಲ್‌ಪಿ ತರಿಸುವವರಿಗೆ: ಅಂಚೆ ವೆಚ್ಚ ವಸ್ತುವಿನ ಬೆಲೆಯನ್ನೇ ಮೀರುವುದು ಸಾಮಾನ್ಯ, ಕಸ್ಟಮ್ಸ್ ಸುಂಕ ಮೇಲೆ ಬೀಳಬಹುದು. ಒಂದೇ ಲೇಬಲ್‌ನಿಂದ ಎರಡು ಮೂರು ಒಟ್ಟಿಗೆ ತರಿಸಿದರೆ ಮಾತ್ರ ಗಿಟ್ಟುತ್ತದೆ. ಡಿಜಿಟಲ್ ಪ್ರತಿ ಸಾಮಾನ್ಯವಾಗಿ ಜೊತೆಗೇ ಸಿಗುತ್ತದೆ, ಕಾಯಬೇಕಿಲ್ಲ. ಮುಂಗಡ ಬುಕಿಂಗ್ ಆದರೆ ಮೊದಲು ಒಂದೆರಡು ಟ್ರ್ಯಾಕ್, ಉಳಿದದ್ದು ಬಿಡುಗಡೆಯ ದಿನ. ಎಲ್‌ಪಿ ಒತ್ತುವ ಕಾರ್ಖಾನೆಗಳ ಸರದಿ ಉದ್ದ ಇರುವುದರಿಂದ ಹೇಳಿದ ತಿಂಗಳಿಗೆ ಬಂದರೆ ಪುಣ್ಯ. 'ಲೇತ್ ಕಟ್' ಎಂದು ಬರೆದಿದ್ದರೆ ಎರಡು ಸಲ ಯೋಚಿಸಿ: ಅಚ್ಚಿನಿಂದ ಒತ್ತದೆ ಒಂದೊಂದಾಗಿ ಕೊರೆದ ತಟ್ಟೆ ಅದು, ಹಿನ್ನೆಲೆ ಸದ್ದು ಹೆಚ್ಚು, ಬೇಗ ಸವೆಯುತ್ತದೆ, ಹಲವು ಮೋನೋ. ಇಪ್ಪತ್ತೈದೇ ಪ್ರತಿ ಎಂಬ ಆಸೆಗೆ ಕೊಳ್ಳಬಹುದು, ಕೇಳುವುದಕ್ಕಲ್ಲ. ಇನ್ನು ಮನೆಯ ಅಟ್ಟದ ಹಳೇ ಡೆಕ್‌ಗೆ ಹೊಸ ಕ್ಯಾಸೆಟ್ ಹಾಕುವ ಮುಂಚೆ ಬೆಲ್ಟು ಮತ್ತು ರಬ್ಬರ್ ರೋಲರ್ ಬದಲಿಸಿ. ಗಟ್ಟಿಯಾದ ರೋಲರ್ ಟೇಪ್ ತಿನ್ನುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಬೆಲ್ಟು ಸಿಗುವ ಸಾಧ್ಯತೆ ಇದೆ.

ಕೊಂಡ ಮೇಲೆ ಯಾವ ಫೈಲ್ ಇಳಿಸಬೇಕು? ಎಂಪಿ3, ಫ್ಲಾಕ್, ವೇವ್, ಎಎಸಿ, ಆಗ್ ಎಲ್ಲವೂ ಇವೆ, ಬೇಕಾದಾಗ ಬೇರೆಯದನ್ನೂ ಇಳಿಸಬಹುದು. ಉತ್ತರ ಫ್ಲಾಕ್, ಸದ್ದಿನ ಏನನ್ನೂ ಕಳೆಯದೆ ಕುಗ್ಗಿಸಿದ ಫೈಲ್. ಗುಣಮಟ್ಟದ ಚರ್ಚೆ ಹಾಗಿರಲಿ, ಇಲ್ಲಿ ಮುಖ್ಯ ಕಾರಣ ಟ್ರ್ಯಾಕ್‌ಗಳ ನಡುವಿನ ಹೊಲಿಗೆ. ಎಂಪಿ3 ಸದ್ದನ್ನು 1,152 ಸ್ಯಾಂಪಲ್‌ಗಳ (ಸದ್ದಿನ ಕ್ಷಣಕ್ಷಣದ ಅಳತೆಗಳ) ತುಂಡುಗಳಾಗಿ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಚೂರುಗಳಾಗಿ ಕಟ್ಟುತ್ತದೆ. ಕೊನೆಯ ಚೂರು ತುಂಬದಿದ್ದರೆ ಮೌನ ತುರುಕುತ್ತದೆ. ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವ ಆಲ್ಬಮ್‌ನಲ್ಲಿ ಪ್ರತಿ ಟ್ರ್ಯಾಕ್ ಬದಲಾದಾಗಲೂ ಚಿಟಕ್ ಎನ್ನುವುದು ಇದರಿಂದಲೇ. ಬ್ಯಾಂಡ್‌ಕ್ಯಾಂಪ್‌ನ ವೆಬ್ ಪ್ಲೇಯರ್‌ನಲ್ಲೂ ಈ ಬಿರುಕು ಕೇಳಿಸುತ್ತದೆ, ಆಲ್ಬಮ್‌ನ ತಪ್ಪೆಂದು ಬಗೆಯಬೇಡಿ.

ಜಾಗದ ಲೆಕ್ಕ: 45 ನಿಮಿಷದ ಆಲ್ಬಮ್ ಕುಗ್ಗಿಸದ ವೇವ್‌ನಲ್ಲಿ ಸುಮಾರು 476 ಎಂಬಿ, ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3ಯಲ್ಲಿ 108 ಎಂಬಿ. ಫ್ಲಾಕ್ ಇವೆರಡರ ನಡುವೆ ಎಲ್ಲೋ, ಎಲ್ಲಿ ಎನ್ನುವುದು ಸಂಗೀತದ ಮೇಲೆ ನಿಂತಿದೆ. ಮುಂದಿನ ಸ್ಯಾಂಪಲ್ ಏನಿರಬಹುದೆಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ಅಂತರವನ್ನಷ್ಟೇ ಬರೆದಿಡುವುದು ಫ್ಲಾಕ್‌ನ ಉಪಾಯ. ನಿಧಾನದ ಡ್ರೋನ್ ಆದರೆ ಊಹೆ ಸುಲಭ, ಫೈಲ್ ಅರ್ಧಕ್ಕೂ ಇಳಿಯುತ್ತದೆ. ಹಾರ್ಶ್ ನಾಯ್ಸ್‌ನಲ್ಲಿ ಊಹೆಗೆ ಏನೂ ಸಿಗದು, ಫೈಲ್ ಹೆಚ್ಚುಕಡಿಮೆ ವೇವ್‌ನಷ್ಟೇ ಉಳಿಯುತ್ತದೆ. ನಾಯ್ಸ್ ಆಲ್ಬಮ್ ಫ್ಲಾಕ್ 450 ಎಂಬಿ ಬಂತೆಂದು ಗಾಬರಿಯಾಗುವ ಕಾರಣವಿಲ್ಲ.

ಕೊನೆಗೆ ಕಳ್ಳಮಾಲಿನ ಮಾತು. ಮುಗಿದುಹೋದ ಹಳೇ ಕ್ಯಾಸೆಟ್‌ಗಳನ್ನು ಯಾರೋ ತಮ್ಮದೆಂಬಂತೆ ಹಾಕಿ ಮಾರುವುದುಂಟು. ಒಂದೇ ಖಾತೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಕಲಾವಿದರು, ಸಣ್ಣಕ್ಷರದ ವಿವರ ಶೂನ್ಯ, ಮುಖಚಿತ್ರ ಮಸುಕು ಇಷ್ಟು ಕಂಡರೆ ಮೂಲ ಲೇಬಲ್‌ನ ಪುಟ ಹುಡುಕಿ ಅಲ್ಲಿಂದಲೇ ಕೊಳ್ಳಿ. ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಕೃತಕ ಬುದ್ಧಿಮತ್ತೆಯಿಂದ (ಎಐ) ಹುಟ್ಟಿಸಿದ ಸಂಗೀತವನ್ನು ಇಡುವುದಿಲ್ಲವೆಂದು ಬ್ಯಾಂಡ್‌ಕ್ಯಾಂಪ್ 2026ರ ಜನವರಿಯಲ್ಲಿ ನಿಯಮ ಮಾಡಿತು. ನಿಯಮ ಬಂದ ಮಾತ್ರಕ್ಕೆ ಮಾಲು ನಿಲ್ಲುವುದಿಲ್ಲ. ಎರಡು ತಿಂಗಳಲ್ಲಿ ಮೂವತ್ತು ಆಲ್ಬಮ್, ಎಲ್ಲೂ ಒಬ್ಬ ಮನುಷ್ಯನ ಹೆಸರಿಲ್ಲ, ಊರಿಲ್ಲ, ಕ್ಯಾಸೆಟ್ಟಿಲ್ಲ, ಕೊಂಡವರ ಚಿತ್ರದ ಸಾಲು ಖಾಲಿ ಇದ್ದರೆ ಮುಂದೆ ಹೋಗಿ. ಖಾಲಿ ಸಾಲೊಂದೇ ಆದರೆ ಅನುಮಾನ ಬೇಡ. ಮೊದಲ ಆಲ್ಬಮ್ ಮಾಡಿದವರ ಪುಟವೂ ಹಾಗೇ ಇರುತ್ತದೆ.

ಕೊಂಡದ್ದನ್ನು ಅಂದೇ ಇಳಿಸಿ ಎರಡು ಕಡೆ ಇಟ್ಟುಕೊಳ್ಳಿ. ಕಲಾವಿದರು ಪುಟ ಮುಚ್ಚಿದರೂ ಕೊಂಡವರಿಗೆ ಸಾಮಾನ್ಯವಾಗಿ ಸಂಗ್ರಹದಲ್ಲಿ ಸಿಗುತ್ತದೆ, ಹಕ್ಕಿನ ತಕರಾರು ಬಂದಾಗ ಸಿಗದೆಯೂ ಹೋಗಬಹುದು. ಫೈಲ್ ಹೆಸರುಗಳು ಕಲಾವಿದ, ಆಲ್ಬಮ್, ಸಂಖ್ಯೆ, ಶೀರ್ಷಿಕೆ ಎಂಬ ಕ್ರಮದಲ್ಲೇ ಬರುತ್ತವೆ, ಬದಲಿಸುವ ಗೋಜು ಬೇಡ. ಫೋನಿಗೆ ಇಳಿಸುವಾಗ ಜಿಪ್ ಫೈಲ್ ಬಿಚ್ಚಿದ ಮೇಲೆ ಜಿಪ್ ಅಳಿಸಲು ಮರೆಯಬೇಡಿ, ಇಲ್ಲದಿದ್ದರೆ ಪ್ರತಿ ಆಲ್ಬಮ್ಮೂ ಎರಡೆರಡು ಸಲ ಜಾಗ ತಿನ್ನುತ್ತದೆ.